ಗ್ಯಾಸ್‌ಬತ್ತಿಯ ಡಾಕ್ಟರಮ್ಮ

"ನೀವು ಏನು ಮಾಡುತ್ತೀರಿ?" ಎಂದು ಕೇಳಿದರೆ ವಕೀಲರು, ಮೇಷ್ಟರು, ವೈದ್ಯರೆಲ್ಲ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಚಹಾ ಕುಡಿಯುತ್ತಾರೆ. ನನ್ನ ಚಹಾ ಮಾತ್ರ ಆರಿಹೋಗುತ್ತದೆ. "ಸೀರಿಯಂ ಬೆರೆತ ಕೊಂಡೋ ಜಾಲಕಗಳ ಕಾಂತೀಯ ಮತ್ತು ಉಷ್ಣ ಗುಣಗಳು" ಎಂದು ನನ್ನ ಸಂಶೋಧನೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಮಳೆ-ಬೆಳೆಯ ಮಾತಿಗೆ ಇಳಿದಿರುತ್ತಾರೆ. ಇದರಿಂದ ನನಗೆ ಬೇಸರವೇನೂ ಇರಲಿಲ್ಲ. ನಾನು ಮೊದಲೇ ಮಾತು ಕಡಿಮೆ; ಜನರನ್ನು ಇಷ್ಟು ಬೇಗ ಸುಮ್ಮನಾಗಿಸುವ ವಿಷಯ ಬೇರೆ ಎಲ್ಲಿ ಸಿಕ್ಕೀತು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ದೇವದುರ್ಗದ ಅತ್ತೆ ಬರುವ ತನಕ.

ಅತ್ತೆ ಎಂದರೆ ಅಪ್ಪನ ಅಕ್ಕ. ರಾಯಚೂರಿನ ನಮ್ಮ ಮನೆಯಲ್ಲಿ ಅವಳು ಹೂಂ ಅನ್ನದೆ ಗೋಡೆಗೆ ಸುಣ್ಣವೂ ಬೀಳುವುದಿಲ್ಲ. ಎಂಬತ್ತರ ದಶಕದ ಮೊದಲಲ್ಲಿ, ಒಂದು ಬೇಸಿಗೆಯಲ್ಲಿ, ಅವಳು ನನಗೊಂದು ಮಾನ್ವಿಯ ಸಂಬಂಧ ತಂದಳು. ಭಾನುವಾರ ಹುಡುಗನ ಕಡೆಯವರು ನೋಡಲು ಬರುವವರಿದ್ದರು. ಅದೇ ಭಾನುವಾರ ನಾನು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇರಬೇಕಿತ್ತು. ಲೋಹವನ್ನು ತಣಿಸಲು ಬೇಕಾದ ದ್ರವ ಹೀಲಿಯಂ ನಮ್ಮಲ್ಲಿಗೆ ಬರುವುದೇ ಅಪರೂಪ. ಬಂದಾಗ ಎಲ್ಲರಿಗೂ ಸರದಿ. ಸರದಿ ತಪ್ಪಿದವರಿಗಾಗಿ ಅದು ಕಾಯದೆ ಆವಿಯಾಗಿ ಹೋಗುತ್ತದೆ. ನನ್ನ ಕೊನೆಯ ಅಳತೆ ಬಾಕಿಯಿತ್ತು, ಅದಿಲ್ಲದೆ ಪ್ರಬಂಧವೇ ಇಲ್ಲ.

"ನಿಮ್ಮ ಅತ್ತಿಗಿ ತಿಳಿಯಂಗ ಹೇಳು. ಅಕಿ ಹೂಂ ಅಂದ್ರ ಹೋಗು" ಎಂದು ಅಪ್ಪ ಪೇಪರಿನ ಹಿಂದೆ ಮರೆಯಾದರು.

ಸಂಜೆ ಕರೆಂಟು ಹೋಯಿತು. ಅತ್ತೆ ಕಟ್ಟೆಯ ಮೇಲೆ ಗ್ಯಾಸ್‌ಬತ್ತಿ ಇಟ್ಟುಕೊಂಡು ಅದಕ್ಕೆ ಹೊಸ ಮ್ಯಾಂಟಲ್, ಅಂದರೆ ಕಾದು ಬೆಳಕು ಕೊಡುವ ಬಲೆಯ ಚೀಲ, ಕಟ್ಟುತ್ತಿದ್ದಳು.

"ಏನ್ ಓದಾಕತ್ತೀ ಬೇ ನೀ? ಮಾನ್ವಿಯವರು ಕೇಳಿದ್ರ ನಾ ಏನಂತ ಹೇಳ್ಲಿ?"

"ಅತ್ತಿ, ನಿನ್ನ ಕೈಯಾಗಿನ ಆ ಮ್ಯಾಂಟಲಿನ್ಯಾಗ ಸೀರಿಯಂ ಅಂತ ಒಂಚೂರು ಇರ್ತದ. ಅದನ್ನ ಓದಾಕತ್ತೀನಿ."

ಅತ್ತೆ ಮ್ಯಾಂಟಲನ್ನೂ ನನ್ನನ್ನೂ ಹೊಸದಾಗಿ ನೋಡಿದಳು. ನಾನು ಧೈರ್ಯ ಮಾಡಿ, "ಅದನ್ನ ಅಲ್ಯುಮಿನಿಯಂ ಜೋಡಿ ಕರಗಿಸ್ತೀನಿ" ಎಂದೆ.

"ಅಂದ್ರ ಜರ್ಮನ್ ಬೋಗಾಣಿ! ಎಮ್ಮೆಸ್ಸಿ ಮಾಡಿ ಬೋಗಾಣಿ ಕರಗಸಾಕತ್ತೀಯೇನು?"

ಅಪ್ಪನ ಪೇಪರು ಅಲುಗಾಡಿತು. ನಾನು ಬಿಡಲಿಲ್ಲ. ಒಂದೊಂದು ಸೀರಿಯಂ ಕಣದಲ್ಲೂ ಪುಟ್ಟ ಅಯಸ್ಕಾಂತವಿದೆ; ಬಿಸಿಯಲ್ಲಿ ಅವು ತಮಗೆ ತಿಳಿದತ್ತ ತಿರುಗಿಕೊಂಡಿರುತ್ತವೆ. ಮಂಜುಗಡ್ಡೆಗಿಂತ ಎಷ್ಟೋ ಕೆಳಗೆ ತಣಿಸಿದರೆ, ಲೋಹದೊಳಗೆ ಓಡಾಡುವ ಎಲೆಕ್ಟ್ರಾನುಗಳು ಬಂದು ಆ ಅಯಸ್ಕಾಂತಗಳನ್ನು ಸುತ್ತುವರಿದು ಮರೆಮಾಡುತ್ತವೆ. ಆ ಗೋಜಿನಲ್ಲಿ ತಾವೇ ನೂರಾರು ಪಟ್ಟು ಭಾರವಾದಂತೆ ನಿಧಾನವಾಗುತ್ತವೆ. ಎಷ್ಟು ಭಾರ ಎಂಬುದನ್ನು ಲೋಹ ಹೀರುವ ಶಾಖ ಹೇಳುತ್ತದೆ. ನನಗೆ ಬಾಕಿಯಿರುವುದು ಅದೇ ಅಳತೆ, ಅದಕ್ಕೆ ಬೇಕಾದ ಹೀಲಿಯಂ ಭಾನುವಾರದಾಚೆ ಕಾಯುವುದಿಲ್ಲ ಎಂದೆ.

"ಮದುವ್ಯಾಗ ಹುಡುಗಿ ಸುತ್ತ ಹೆಂಗಸ್ರು ಕುಂತಂಗ ಅನ್ನು" ಎಂದಳು ಅತ್ತೆ. "ಹುಡುಗೀನೂ ಕಾಣಂಗಿಲ್ಲ, ಆ ಹೆಂಗಸ್ರೂ ಲಗೂನ ಏಳಂಗಿಲ್ಲ."

ಬೇರೆ ದಿನವಾಗಿದ್ದರೆ ನಾಲ್ಕು ತಿದ್ದುಪಡಿ ಹೇಳುತ್ತಿದ್ದೆ. ಅಂದು "ಹೌದತ್ತಿ" ಎಂದೆ. "ಇನ್ನೊಂದು ಅದ. ಬ್ಯಾರೆ ಲೋಹ ತಣ್ಣಗಾದಂಗ ಕರೆಂಟಿಗೆ ಸಲೀಸು ದಾರಿ ಬಿಡ್ತಾವ. ಇದು ತಣ್ಣಗಾದಂಗ ಮೊದ್ಲು ಇನ್ನಷ್ಟು ಅಡ್ಡ ನಿಲ್ತದ."

"ನಿನ್ನಂಗ! ಬ್ಯಾರೆ ಹುಡುಗ್ಯಾರು ಸಿಟ್ಟಿಗೆದ್ದು ಅತ್ತು ಆಮ್ಯಾಲ ಒಪ್ಪತಾರ. ನೀ ತಣ್ಣಗ ಕುಂತು ಬ್ಯಾಡ ಅಂತಿ."

ನಾನು ತಣ್ಣಗೆ ಕುಳಿತೇ ಇದ್ದೆ. ಅತ್ತೆ ಕಡ್ಡಿ ಗೀರಿದಳು. ಮ್ಯಾಂಟಲ್ ಧಗ್ಗನೆ ಹೊತ್ತಿ, ಕಪ್ಪಾಗಿ, ಅಂಚಿನಿಂದ ಬೆಳ್ಳಗಾಗತೊಡಗಿತು. ಅದು ಪೂರಾ ಸುಡುವ ತನಕ ಅವಳು ಅದನ್ನೇ ನೋಡುತ್ತಿದ್ದಳು.

"ಅರ್ಧ ಸುಟ್ಟ ಮ್ಯಾಂಟಲ್ ಬೆಳಕೂ ಕೊಡಂಗಿಲ್ಲ, ಬಿಚ್ಚಿ ಇಡಾಕೂ ಬರಂಗಿಲ್ಲ. ಹೋಗು, ಪೂರಾ ಮುಗಿಸ್ಕೊಂಡು ಬಾ. ಮಾನ್ವಿಯವರಿಗೆ ನಾ ಹೇಳ್ತೀನಿ."

"ಅವರು ಕಾಯ್ಲಿಲ್ಲಂದ್ರ, ಅಕ್ಕಾ?" ಎಂದಿತು ಪೇಪರು.

"ಅದ್ಯಾವ್ದೋ ಹೀಲಿಯಂನೂ ಕಾಯಂಗಿಲ್ಲಂತಲ್ಲೋ. ಎರಡ್ರಾಗ ಯಾವ್ದು ಮತ್ತ ಸಿಗ್ತದ, ನೀನ ಹೇಳು."

ಭಾನುವಾರ ನಾನು ಪ್ರಯೋಗಾಲಯದಲ್ಲಿದ್ದೆ. ಹೀರಿದ ಶಾಖವನ್ನು ತಾಪಮಾನದಿಂದ ಭಾಗಿಸಿ ಗ್ರಾಫಿನ ಮೇಲೆ ಚುಕ್ಕೆ ಇಡುತ್ತ ಹೋದೆ. ಸಾಧಾರಣ ಲೋಹದಲ್ಲಿ ಇಳಿದು ಮಟ್ಟಸವಾಗಬೇಕಾದ ಚುಕ್ಕೆಗಳು, ತಣ್ಣಗಾದಷ್ಟೂ ಏರಿದವು. ಕಾಗದದ ಅಂಚಿಗೆ ಬಂದವು. ಇನ್ನೊಂದು ಹಾಳೆ ಅಂಟಿಸಿದೆ. ಅದರ ಮೇಲೂ ಏರಿದವು. ಅತ್ತೆ ಹೇಳಿದ ಹೆಂಗಸರು ಕುಳಿತಿದ್ದರು, ಭಾರವಾಗಿ ಕುಳಿತಿದ್ದರು! ಎಂದೂ ದನಿ ಏರಿಸದ ನಾನು "ಯವ್ವಾ!" ಎಂದು ಕೂಗಿಬಿಟ್ಟೆ. ನನಗೆ ಶಾಕ್ ಹೊಡೆಯಿತೆಂದುಕೊಂಡು ಪಕ್ಕದ ಕೋಣೆಯವರು ಓಡಿಬಂದು ಮೇನ್ ಸ್ವಿಚ್ ಆರಿಸಿದರು. ಪುಣ್ಯಕ್ಕೆ ಕೊನೆಯ ಚುಕ್ಕೆ ಇಟ್ಟಾಗಿತ್ತು.

ಹೀಗೆ ನಾನು ಡಾಕ್ಟರಾದೆ. ಮಾನ್ವಿಯವರು ಕಾದರೇ ಎಂದು ಕೇಳಬೇಡಿ, ಅದು ನನ್ನ ಸ್ವಂತ ವಿಷಯ. ಊರಿಗೆಲ್ಲ ತಿಳಿದ ವಿಷಯ ಬೇರೆ: ಅತ್ತೆಯ ಪ್ರಚಾರದಿಂದ ದೇವದುರ್ಗದಲ್ಲಿ ನಾನು ಗ್ಯಾಸ್‌ಬತ್ತಿಯ ಡಾಕ್ಟರಮ್ಮ. ಆಮೇಲೊಮ್ಮೆ ಅಲ್ಲಿ ಅವಳ ನೆರೆಮನೆಯ ಮದುವೆಯಲ್ಲಿ ಹಂದರದ ಗ್ಯಾಸ್‌ಬತ್ತಿ ಭಸಭಸ ಎಂದು ಆರಿಹೋಯಿತು. "ಡಾಕ್ಟ್ರಮ್ಮಾರ್ನ ಕರೀರಿ!" ಎಂದು ಗದ್ದಲವೆದ್ದಿತು. ನಾನು ಗಂಭೀರವಾಗಿ ಹೋಗಿ, ಗಾಜು ತೆಗೆಸಿ, ಮ್ಯಾಂಟಲನ್ನು ಪರೀಕ್ಷಿಸಲು ಬೆರಳ ತುದಿ ತಾಗಿಸಿದೆ. ಒಮ್ಮೆ ಉರಿದ ಮ್ಯಾಂಟಲಿನಲ್ಲಿ ಉಳಿಯುವುದು ಬರಿಯ ಬೂದಿಯ ಬಲೆ ಎಂಬುದು ನನ್ನ ಪ್ರಬಂಧದಲ್ಲಿ ಇರಲಿಲ್ಲ. ಪುಸಕ್ಕನೆ ಉದುರಿತು.

ಹಂದರವೆಲ್ಲ ನನ್ನನ್ನೇ ನೋಡಿತು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು.

"ಏನ್ ನೋಡಾಕತ್ತೀರಿ? ಅಕಿ ತಣ್ಣಗಿರೋದ್ರ ಡಾಕ್ಟ್ರು. ಇದು ಬಿಸಿ ಇತ್ತು!"

ಅವಳು ಹೊಸ ಮ್ಯಾಂಟಲ್ ಕಟ್ಟತೊಡಗಿದಳು. ನಾನು ಮೆಲ್ಲನೆ ಸರಿದು, ಮದುಮಗಳ ಸುತ್ತ ಕುಳಿತಿದ್ದ ಹೆಂಗಸರ ನಡುವೆ, ನನ್ನ ಲೋಹದ ಅಯಸ್ಕಾಂತದಂತೆ ಪೂರಾ ಮರೆಯಾದೆ.