ಮೀಟರ್ ರೀಡರನ ಹೊಸ ಚರ್ಮ

ನೀರಿನ ಮೀಟರ್ ಓದುವವನ ಮುಖ ಹೊಳೆಯಬೇಕೆಂದು ಮೊದಲು ಅನ್ನಿಸಿದ್ದು ಅವನಿಗಲ್ಲ, ಅವನ ಹೆಂಡತಿಯ ತಂಗಿಗೆ.

"ಭಾವ, ಕೌಂಟರಲ್ಲಿ ಕೂರೋ ಕೆಲಸಕ್ಕೆ ಸಂದರ್ಶನ ಅಂತೀರಿ. ಈ ಸುಟ್ಟ ಬದನೆಕಾಯಿ ಮುಖ ಹೊತ್ಕೊಂಡು ಕೂತ್ರೆ ಜನ ಬಿಲ್ ಕಟ್ಟದೇ ಓಡ್ತಾರೆ. ಹೋಗಿ ಪೀಲ್ ಮಾಡಿಸ್ಕೊಳ್ಳಿ, ಹಳೇ ಚರ್ಮ ಸುಲಿದು ಹೊಸದು ಬರುತ್ತೆ!"

ಚರ್ಮದ ಕ್ಲಿನಿಕ್ಕಿನ ಹುಡುಗಿ ಮುಖಕ್ಕೆ ಅದೆಂಥದೋ ಆಸಿಡ್ ಬಳಿಯುತ್ತ ಎಲ್ಲವನ್ನೂ ಹೇಳಿದ್ದಳು. "ಸ್ವಲ್ಪ ಚುರುಚುರು ಅನ್ನುತ್ತೆ ಸರ್. ಆಮೇಲೆ ಕೆಂಪಾಗುತ್ತೆ, ಒಣಗಿ ಸಿಪ್ಪೆ ಏಳುತ್ತೆ. ಕೀಳಬೇಡಿ, ಉಜ್ಜಬೇಡಿ. ಬಿಸಿಲಿಗಂತೂ ಹೋಗ್ಲೇಬೇಡಿ. ವಾರ ಕಳೀಲಿ, ಹೊಳಪು ಬರುತ್ತೆ." ಇಷ್ಟರಲ್ಲಿ ಅವನ ಕಿವಿಗೆ ಬಿದ್ದದ್ದು ಹೊಳಪು ಒಂದೇ. ಸಂದರ್ಶನ ಇದ್ದದ್ದು ಅದೇ ವಾರದ ನಡುವೆ.

ಸಂದರ್ಶನದ ಬೆಳಿಗ್ಗೆ ಕನ್ನಡಿಯೊಳಗಿಂದ ಸುಣ್ಣ ಉದುರುವ ಹಳೇ ಗೋಡೆಯೊಂದು ಅವನನ್ನೇ ನೋಡುತ್ತಿತ್ತು. ಹೆಂಡತಿ ಚೀರಿದಳು. ಪಕ್ಕದ ಮನೆಯ ಅಜ್ಜಿ ಯಾರೂ ಕರೆಯದಿದ್ದರೂ ಓಡಿ ಬಂದು, "ಒಣಗಿದ್ದಕ್ಕೆ ಎಣ್ಣೆ ಹಚ್ಬೇಕು ಮಗಾ" ಎಂದು ಅಂಗೈ ತುಂಬ ಸುರಿದು ತಿಕ್ಕಿಯೇಬಿಟ್ಟಳು. ಹೊಳಪು ಬಂತು, ಇಲ್ಲವೆನ್ನುವಂತಿಲ್ಲ. ಗ್ಯಾರೇಜಿನ ನೆಲದ ಹೊಳಪು.

ಕಚೇರಿಯ ಬಾಗಿಲಲ್ಲೇ ಟೈಪಿಸ್ಟ್ ಅಡ್ಡ ನಿಂತ. ಅವನೂ ಅದೇ ಕೌಂಟರಿನ ಮೇಲೆ ಕಣ್ಣಿಟ್ಟವನು.

"ಅಂಟುರೋಗ ತಾನೆ? ದೂರ, ದೂರ!"

ಕುರ್ಚಿಗಳೆಲ್ಲ ಸರಸರನೆ ಹಿಂದೆ ಸರಿದವು. ಸ್ಟೋರಿನವನು ಮಾತ್ರ ಹತ್ತಿರ ಬಂದು, ಹೌದೆಂದು ಹೇಳಲಿ ಎಂಬ ಆಸೆಯಿಂದ ಕೇಳಿದ: "ಹೆಂಡ್ತಿ ಬಿಸಿನೀರು ಎರಚಿದ್ಲಾ?"

ಪೀಲ್ ಎಂದು ಬಾಯಿಬಿಟ್ಟರೆ ನಿವೃತ್ತಿಯವರೆಗೂ ತನಗೆ ರಾಜಕುಮಾರಿ ಎಂಬ ಹೆಸರೇ ಗತಿ ಎಂದು ಅವನಿಗೆ ಗೊತ್ತಿತ್ತು. "ಬಿಸಿಲು ಕಣ್ರೀ! ಮಟಮಟ ಮಧ್ಯಾಹ್ನ ಮನೆಮನೆ ಅಲೆದ್ರೆ ಇನ್ನೇನಾಗುತ್ತೆ?" ಎಂದ. ಸುಳ್ಳು ಎಷ್ಟು ಚೆನ್ನಾಗಿತ್ತೆಂದರೆ ಅವನಿಗೇ ತನ್ನ ಮೇಲೆ ಮರುಕ ಹುಟ್ಟಿತು. ಸುದ್ದಿ ಅವನಿಗಿಂತ ಮೊದಲೇ ಸಾಹೇಬರ ಕೋಣೆ ಹೊಕ್ಕಿತು.

ಸಾಹೇಬರು ಎದ್ದು ನಿಂತೇ ಬರಮಾಡಿಕೊಂಡರು.

"ಬಿಸಿಲಲ್ಲಿ ದುಡಿದು ಹೀಗಾಯ್ತಂತೆ?"

"ಏನ್ ಮಾಡೋದು ಸಾರ್, ಕರ್ತವ್ಯ."

"ಉಳಿದೋರೆಲ್ಲ ಮರದ ನೆರಳಲ್ಲಿ ಕೂತೇ ರೀಡಿಂಗ್ ಬರೀತಾರೆ ಅಂತ ದಿನಾ ದೂರು. ನಿಮ್ಮಂಥೋರು ಒಬ್ಬರಾದ್ರೂ ಇದ್ದೀರಲ್ಲ!"

ಕೌಂಟರಿನ ಫ್ಯಾನಿನ ಗಾಳಿ ಆಗಲೇ ಅವನ ಕುತ್ತಿಗೆಗೆ ತಾಗಿದಂತಾಯಿತು. ಸಾಹೇಬರು ಎಲ್ಲರನ್ನೂ ಒಳಗೆ ಕರೆಸಿದರು.

"ಇಂಥೋರನ್ನ ಗಾಜಿನ ಹಿಂದೆ ಕೂರಿಸಿದ್ರೆ ಇಲಾಖೆಗೇ ದ್ರೋಹ. ಊರಿನ ಅಷ್ಟೂ ಮೀಟರಿನ ತಪಾಸಣೆ ಇನ್ನು ಇವರದ್ದೇ. ಬೆಳಿಗ್ಗೆಯಿಂದ ಸಂಜೆವರೆಗೂ ಹೊರಗೇ, ಇವತ್ತಿಂದಲೇ! ಕೌಂಟರಿಗೆ ಟೈಪಿಸ್ಟು ಸಾಕು. ಪಾಪ, ಅವನ ಚರ್ಮ ಬಿಸಿಲು ತಡೆಯಲ್ಲ."

"ಸಾರ್, ನಿಜ ಹೇಳ್ಬೇಕಂದ್ರೆ..." ಎಂದು ಅವನು ಶುರುಮಾಡಿದ. ಟೈಪಿಸ್ಟ್, ಸ್ಟೋರಿನವನು, ಬಾಗಿಲ ಬಳಿಯ ಜವಾನ, ಎಲ್ಲರ ಕಿವಿಯೂ ನಿಮಿರಿತು. ಅವನು ಕೈ ಮುಗಿದ.

"ನಿಜ ಹೇಳ್ಬೇಕಂದ್ರೆ, ನನ್ನ ಭಾಗ್ಯ ಸಾರ್."

ಸಾಹೇಬರು ಅಕ್ಕರೆಯಿಂದ ಅವನ ಕೆನ್ನೆ ತಟ್ಟಿ, ಅಂಗೈಗೆ ಅಂಟಿಕೊಂಡು ಬಂದ ಸಿಪ್ಪೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು.

"ನೋಡ್ರಯ್ಯಾ, ದುಡಿಮೆ ಅಂದ್ರೆ ಇದು!"