ಅರಗು ಬಳಿದ ರಾಟೆ

ಗಂಡಿಗೂ ಹೆಣ್ಣಿಗೂ ಜೋಡಿ ಕೂಡಿಸುವುದಕ್ಕೆ ನಮ್ಮಲ್ಲಿ ಎಷ್ಟು ಜನ! ಜೋಯಿಸರಿದ್ದಾರೆ, ಮಠದ ಅಯ್ಯನವರಿದ್ದಾರೆ, ಯಾರೂ ಇಲ್ಲದಿದ್ದರೆ ಸೋದರತ್ತೆಯರಂತೂ ಇದ್ದೇ ಇದ್ದಾರೆ. ಆದರೆ ಒಂದು ಕರೆಂಟಿನ ಮೋಟಾರಿಗೂ ಒಂದು ಗಾಳಿಯಂತ್ರಕ್ಕೂ ಜೋಡಿ ಕೂಡಿಸಬೇಕಾದರೆ ಈ ಮೈಸೂರು ಸೀಮೆಯಲ್ಲಿ ಒಂದು ನರಪಿಳ್ಳೆಯೂ ಸಿಕ್ಕುವುದಿಲ್ಲ. ಸಲಹೆ ಕೊಡುವವರು ಬೇಕಾದಷ್ಟು ಸಿಕ್ಕುತ್ತಾರೆ, ಅದು ಬೇರೆ ಮಾತು. ಕಲ್ಯ ಎಂಬ ಹಳ್ಳಿಯಿಂದ ಸಂತೆಗೆ ಬಂದಿದ್ದ ಒಬ್ಬ ಪುಣ್ಯಾತ್ಮ, ಹುಟ್ಟಿದ ಮೇಲೆ ಮೋಟಾರನ್ನು ಕಂಡಿದ್ದೇ ಆವತ್ತು, ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕುಳಿತು, “ಒಸಿ ಹರಳೆಣ್ಣೆ ಬುಡಿ ಸ್ವಾಮಿ, ಗಾಡಿ ಗಾಲಿಗೂ ಅಷ್ಟೇಯಾ” ಎಂದ. ಸುಟ್ಟು ಕರಕಲಾದ ಮೋಟಾರಿಗೆ ಹರಳೆಣ್ಣೆ! ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನದು ಚನ್ನಪಟ್ಟಣದ ದೊಡ್ಡ ರಸ್ತೆಯಲ್ಲಿ ಸೈಕಲ್ ಅಂಗಡಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಬಸ್ಸು ಊರಲ್ಲಿ ಇಷ್ಟು ಜಾಗವಿದ್ದರೂ ನನ್ನ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು, ಏಕೆಂದರೆ ಟೈರಿಗೆ ಗಾಳಿ ತುಂಬುವ ಯಂತ್ರ ಇದ್ದದ್ದು ನನ್ನಲ್ಲಿ ಮಾತ್ರ. ಬಸ್ಸು ನಿಲ್ಲುವುದೆಂದರೆ ಸಾಮಾನ್ಯವಲ್ಲ. ಬಸ್ಸಿಗೆ ಕಾಯುವ ದೊಡ್ಡ ಮನುಷ್ಯರೆಲ್ಲ ನನ್ನ ಬೆಂಚಿನ ಮೇಲೆ ಕೂರುತ್ತಿದ್ದರು. ತಾಲ್ಲೂಕು ಕಚೇರಿಯ ಗುಮಾಸ್ತರು ನನಗೆ ನಮಸ್ಕಾರ ಹೇಳುತ್ತಿದ್ದರು. ಆ ಯಂತ್ರವನ್ನು ತಿರುಗಿಸುವ ಮೋಟಾರು ಸುಟ್ಟ ಮಾರನೆಯ ದಿನ ಅವರು ನಮಸ್ಕಾರ ನಿಲ್ಲಿಸಿ ಬರಿಯ ತಲೆ ಆಡಿಸಿದರು. ಬಸ್ಸಿನ ಏಜೆಂಟರಂತೂ ಬಾಯಿಬಿಟ್ಟೇ ಹೇಳಿದರು: “ನೋಡಿ ಯಜಮಾನ್ರೇ, ಸೋಮವಾರದೊಳಗೆ ಗಾಳಿ ಬಂದ್ರೆ ಸರಿ. ಇಲ್ದಿದ್ರೆ ಕ್ಲೋಸ್‌ಪೇಟೇಲೂ ಒಬ್ಬ ಗಾಳಿಯಂತ್ರ ತಂದವ್ನೆ. ಅಲ್ಲೇ ನಿಲ್ಲಿಸ್ಕೊಂಡು ನಿಮ್ಮೂರಲ್ಲಿ ನಿಲ್ಲಿಸ್ದೆ ಹೋಯ್ತೀವಿ.” ರಾಮದೇವರ ಬೆಟ್ಟದ ಬುಡದ ಆ ಊರಿನವರು ನಮ್ಮ ರೇಷ್ಮೆ ಗೂಡು ಕೊಂಡರೆ ಕೊಳ್ಳಲಿ, ನಮ್ಮ ಬಸ್ಸನ್ನೂ ಕೊಂಡುಹೋಗುವುದೇ?

ಆಗ ನನ್ನ ಬಾಮೈದ ಸಿದ್ಧಲಿಂಗ ರಂಗಕ್ಕೆ ಬಂದ. ಕನಕಪುರದ ಅಕ್ಕಿ ಗಿರಣಿಯಲ್ಲಿ ಅವನಿಗೆ ಕೆಲಸ. ಗಿರಣಿಯಲ್ಲಿ ಮೂಲೆ ಸೇರಿದ್ದ ಮೋಟಾರೊಂದನ್ನು ನನ್ನ ಹೆಸರಿನಲ್ಲಿ ಕೊಂಡು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದೇಬಿಟ್ಟ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. “ಭಾವ, ನಿಮ್ಮ ಹಳೇದು ಎರಡು ಕುದುರೆದು, ಇದು ಐದು ಕುದುರೆದು! ಕುದುರೆ ಜಾಸ್ತಿ ಆಯ್ತು ಅಂತ ಅಳೋರುಂಟಾ?” ಎಂದ. ಒಂದು ಜಟಕಾಕ್ಕೆ ಐದು ಕುದುರೆ ಕಟ್ಟಿ ನೋಡಪ್ಪ, ಆಮೇಲೆ ಯಾರು ಅಳುತ್ತಾರೆ ಗೊತ್ತಾಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅವನು ಅದನ್ನು ಗಾಳಿಯಂತ್ರಕ್ಕೆ ಜೋಡಿಸಿ ಸ್ವಿಚ್ಚು ಹಾಕಿಬಿಟ್ಟ. ಆ ಮೋಟಾರಿಗೆ ಬಲ ಮಾತ್ರವಲ್ಲ, ಓಟವೂ ಹಳೆಯದರ ಎರಡರಷ್ಟು. ಪಾಪದ ಗಾಳಿಯಂತ್ರ ಗಡಗಡ ನಡುಗಿ, ಕೂಗಿ, ಮೈಮೇಲೆ ದೇವರು ಬಂದಂತೆ ಕುಣಿಯುತ್ತ ಬಾಗಿಲ ಕಡೆಗೆ ಹೊರಟಿತು. ಸ್ವಿಚ್ಚು ಆರಿಸಿದ್ದು ನಾನು. ಒಳಗಿನಿಂದ ಬಂದ ನನ್ನ ಹೆಂಡತಿ ಯಂತ್ರವನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. “ನನ್ನ ತಮ್ಮ ತಂದದ್ದು ಅಂತಲೇ ನಿಮಗೆ ಹಿಡಿಸೋದಿಲ್ಲ” ಎಂದು ಅವನಿಗೆ ಊಟಕ್ಕೆ ಬಡಿಸಲು ಹೋದಳು.

ಮೋಟಾರಿನಿಂದ ಯಂತ್ರಕ್ಕೆ ಹೋಗುವ ಬೆಲ್ಟಿನ ಪಟ್ಟಿ ಓಡುವುದು ರಾಟೆಯ ಮೇಲೆ. ಮೋಟಾರಿನ ರಾಟೆ ಅರ್ಧಕ್ಕೆ ಚಿಕ್ಕದಾದರೆ ಯಂತ್ರದ ಓಟವೂ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಲೆಕ್ಕ ನನಗೂ ಬರುತ್ತದೆ. ಆದರೆ ಬೆಂಗಳೂರಿನಲ್ಲಿ ಕಬ್ಬಿಣದ ರಾಟೆ ಎರಕ ಹೊಯ್ಯಿಸಿ ತರುವುದರೊಳಗೆ ಎಷ್ಟೋ ಸೋಮವಾರಗಳು ಕಳೆಯುತ್ತವೆ. ಪಕ್ಕದ ಮನೆಯ ಕರೀಂ ಸಾಬರು ಬೊಂಬೆ ಕಡೆಯುವವರು. ಅವರೇ ಬಂದು, “ಅಣ್ಣಾ, ಕಬ್ಬಿಣ ಯಾಕೆ? ಬೀಟೆ ತುಂಡು ಒಂದೈತೆ, ಕಡ್ದು ಕೊಡ್ತೀನಿ, ಮೊಮ್ಮಕ್ಕಳ ಕಾಲಕ್ಕೂ ಆಯ್ತದೆ” ಎಂದರು. ಅಳತೆ ಕೊಟ್ಟೆ. ಸೋಮವಾರ ಬೆಳಿಗ್ಗೆ ಅವರು ಬಿಳಿ ವಸ್ತ್ರದಲ್ಲಿ ಸುತ್ತಿ ತಂದ ರಾಟೆಯನ್ನು ಬಿಚ್ಚಿದರೆ, ದೇವರೇ! ಕೆಂಪು ಮೈ, ನಡುವೆ ಹಳದಿ ಪಟ್ಟೆ, ಅಂಚಿಗೆ ಹಸಿರು. ಅರಗು ಬಳಿದು ಕೇದಗೆ ಗರಿಯಿಂದ ಉಜ್ಜಿ ಮುಖ ಕಾಣುವಂತೆ ಹೊಳೆಯಿಸಿದ್ದರು. ತೊಟ್ಟಿಲ ಮೇಲೆ ಕಟ್ಟುವ ಹಾಗಿತ್ತು. ಅಷ್ಟು ಹೊತ್ತಿಗೆ ಬಸ್ಸೂ ಬಂದು ನಿಂತಿತು. ಜನ ಇಳಿದು ಸುತ್ತ ನೆರೆದರು.

ರಾಟೆ ಕೂಡಿಸಿ, ಪಟ್ಟಿ ಹಾಕಿ, ಶಿವನನ್ನು ನೆನೆದು ಸ್ವಿಚ್ಚು ಹಾಕಿದೆ. ಮೋಟಾರು ತಿರುಗಿತು. ರಾಟೆಯೂ ತಿರುಗಿತು, ಕೆಂಪು ಹಳದಿ ಹಸಿರು ಒಂದಾಗಿ ಬಲು ಚೆನ್ನಾಗಿಯೇ ತಿರುಗಿತು. ಪಟ್ಟಿ ಮಾತ್ರ ಇದ್ದಲ್ಲೇ ಇತ್ತು. ಅಷ್ಟು ನುಣುಪಿನ ಮೇಲೆ ಅದು ಹಿಡಿಯುವುದಾದರೂ ಏನನ್ನು? ಸ್ವಲ್ಪ ಹೊತ್ತಿಗೆ ಅರಗು ಕರಗಿ ಗಮ್ಮೆಂದು ವಾಸನೆ ಬಂತು.

“ಸಾಬ್ರೇ, ರಾಟೆಗೆ ಯಾರಾದರೂ ಅರಗು ಬಳೀತಾರೇನ್ರೀ?” ಎಂದು ಕೂಗಾಡಿದೆ.

“ಬಣ್ಣ ಇಲ್ದೆ ನಮ್ಮನೇಂದ ಒಂದು ಕಡ್ಡೀನೂ ಆಚೆ ಹೋಗಕಿಲ್ಲ ಅಣ್ಣಾ. ಬರೀ ಮರ ಕೊಟ್ರೆ ನಮ್ಮಪ್ಪ ಗೋರೀಲಿ ಮಗ್ಗುಲು ಬದಲಾಯಿಸ್ತಾರೆ” ಎಂದರು. ಆಮೇಲೆ ಜನರ ಕಡೆ ತಿರುಗಿ, “ನೀವೇ ಯೋಳಿ, ಚೆಂದ ಐತೋ ಇಲ್ವೋ?” ಎಂದು ಕೇಳಿದರು.

“ಐತೆ, ಐತೆ!” ಎಂದು ಬಸ್ಸಿಗೆ ಬಸ್ಸೇ ಕೂಗಿತು. ನಾನು ಅಲ್ಲಿ ಉರಿಯುತ್ತಿದ್ದೆ. ಯಾರಿಗೂ ಅದು ಕಾಣಲಿಲ್ಲ. ಸಾಬರು ಮುಖ ಸಣ್ಣದು ಮಾಡಿಕೊಂಡು ಉಳಿಯಿಂದ ಅರಗು ಕೆರೆಯುತ್ತ ಕುಳಿತರು. ಮಗುವಿನ ತಲೆ ಬೋಳಿಸುವವರೂ ಅಷ್ಟು ನೊಂದುಕೊಳ್ಳುವುದಿಲ್ಲ. ಅವರು ಕೆರೆದು ಮುಗಿಸುವವರೆಗೆ ಸುಮ್ಮನೆ ನಿಲ್ಲಲಾರದ ಜನ ಅವರ ಮನೆಗೆ ನುಗ್ಗಿ ಬುಗುರಿ, ಗಿಲಕಿ, ಕುದುರೆಗಾಡಿಗಳನ್ನು ಮಡಿಲು ತುಂಬ ಕೊಂಡುಕೊಂಡರು. ಬೋಳು ರಾಟೆ ಪಟ್ಟಿಯನ್ನು ಹಿಡಿಯಿತು, ಯಂತ್ರ ಹದವಾಗಿ ತಿರುಗಿತು, ಟೈರಿಗೆ ಗಾಳಿ ತುಂಬಿತು. “ಬಸ್ಸು ಇನ್ನು ಮುಂದೂ ಇಲ್ಲೇ ನಿಲ್ಲುತ್ತೆ ಯಜಮಾನ್ರೇ” ಎಂದು ಏಜೆಂಟರು ಕೈಕುಲುಕಿದರು. ಆ ರಾತ್ರಿ ಹೆಂಡತಿಯೆದುರು ನಾನು ಮೀಸೆ ತಿರುವಿದ್ದೂ ನಿಜ.

ಮಾರನೆಯ ದಿನ ಬಸ್ಸು ಬಂತು. ಗಾಳಿ ಕೊಳವೆ ಹಿಡಿದು ಓಡಿದೆ. ಡ್ರೈವರು ಕೈ ಅಡ್ಡ ಹಿಡಿದ. “ಬ್ಯಾಡಿ ಯಜಮಾನ್ರೇ, ಕ್ಲೋಸ್‌ಪೇಟೇಲೇ ತುಂಬಿಸ್ಕಂಡ್ ಬಂದ್ಬುಟ್ವಿ. ಪ್ಯಾಸೆಂಜರುಗಳು ಬೊಂಬೆ ತಗೊಳ್ಳಿ, ಇಲ್ಲಿ ಒಸಿ ಹೊತ್ತು ನಿಲ್ಸು ಅಂತ ಏಜೆಂಟರು ಯೋಳವ್ರೆ.”

ಹೀಗಾಗಿ ಬಸ್ಸು ಈಗಲೂ ನನ್ನ ಅಂಗಡಿಯ ಮುಂದೆಯೇ ನಿಲ್ಲುತ್ತದೆ. ಗುಮಾಸ್ತರ ನಮಸ್ಕಾರವೂ ಮತ್ತೆ ಶುರುವಾಗಿದೆ. ಐದು ಕುದುರೆಯ ಮೋಟಾರು ಸೈಕಲ್ಲುಗಳಿಗೆ ಗಾಳಿ ತುಂಬುತ್ತಿದೆ. ಇಂಥ ಅನ್ಯಾಯವನ್ನು ಯಾರಿಗೆ ಹೇಳುವುದು? ಬಸ್ಸಿನಿಂದ ಇಳಿದವರಲ್ಲಿ ಯಾರಾದರೊಬ್ಬರು ನೇರ ನನ್ನ ಹತ್ತಿರ ಬಂದು, “ಯಜಮಾನ್ರೇ, ಗಿಲಕಿ ಯಾವುದು ಚೆನ್ನಾಗೈತೆ?” ಎಂದು ಕೇಳುತ್ತಾರೆ. ನಾನು ಸಿಟ್ಟಿನಿಂದಲೇ ಎದ್ದು ಸಾಬರ ಮನೆಗೆ ಹೋಗಿ, ಕೆಂಪಿನದು ಬೇಡ, ಹಳದಿಯದು ಒಳ್ಳೆಯ ಸದ್ದು ಮಾಡುತ್ತದೆ ಎಂದು ಆರಿಸಿಕೊಟ್ಟು ಬರುತ್ತೇನೆ.