ಗ್ರಾಂಡ್ ಎಂದು ಕೆಟ್ಟೆ

‘ಹೇಗಿದ್ದೀರಿ?’ ಎಂಬ ಪ್ರಶ್ನೆಗೆ ನಾನು ಹುಟ್ಟಿದಾಗಿನಿಂದ ಒಮ್ಮೆಯೂ ನಿಜ ಹೇಳಿದವನಲ್ಲ. ಇದು ಸುಳ್ಳು ಹೇಳುವ ಚಾಳಿಯಲ್ಲ, ಸಂಸ್ಕಾರ. ಮೈಸೂರಿನಲ್ಲಿ ಯಾರ ಮನೆಗೆ ಹೋದರೂ, ಅವರು ‘ಊಟ ಆಯ್ತಾ?’ ಎಂದಾಗ ಹೊಟ್ಟೆ ತಾಳ ಹಾಕುತ್ತಿದ್ದರೂ ‘ಓ, ಈಗ ತಾನೇ ಆಯ್ತು’ ಎನ್ನಬೇಕೆಂದು ಅಮ್ಮ ಕಲಿಸಿದ್ದಳು. ಹೀಗೆ ತಯಾರಾದ ನನ್ನನ್ನು ದೇವರು ತಂದು ಬಿಟ್ಟದ್ದು ಐರ್ಲೆಂಡಿಗೆ. ಈ ವಿಷಯದಲ್ಲಿ ಇಲ್ಲಿನವರು ನಮಗಿಂತ ಒಂದು ಕೈ ಮೇಲು. ಕಾಲು ಮುರಿದುಕೊಂಡು ಬಿದ್ದವನನ್ನು ವಿಚಾರಿಸಿದರೂ ‘ಐ ಆಮ್ ಗ್ರಾಂಡ್’ ಎನ್ನುತ್ತಾನೆ. ನಮ್ಮ ಕಡೆ ಗ್ರಾಂಡ್ ಎಂದರೆ ಮದುವೆ ಗ್ರಾಂಡು, ರಿಸೆಪ್ಷನ್ ಅದಕ್ಕಿಂತ ಗ್ರಾಂಡು. ಇಲ್ಲಿ ಅದಕ್ಕೆ ‘ಪರವಾಗಿಲ್ಲ, ನಡೀತಿದೆ’ ಎಂದಷ್ಟೇ ಅರ್ಥ. ಕಾರ್ಕ್ ಊರಿಗೆ ಬಂದ ಮೂರೇ ತಿಂಗಳಲ್ಲಿ ಈ ಪದ ನನ್ನ ನಾಲಿಗೆಗೆ ಅಂಟಿಕೊಂಡಿತು. ಸಲೂನಿನವನಿಗೂ ಗ್ರಾಂಡ್, ಮ್ಯಾನೇಜರಿಗೂ ಗ್ರಾಂಡ್. ಕಾಯಿಲೆ ಬೀಳುವ ತನಕ ಅದರಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ.

ಕೋವಿಡ್ ನಿರ್ಬಂಧ ಸ್ವಲ್ಪ ಸಡಿಲವಾದ ಬೇಸಿಗೆಯಲ್ಲಿ, ಮನೆಯ ಗೋಡೆಗಳನ್ನೇ ನೋಡಿ ಬೇಸತ್ತ ನಾವು ಕಿಲಾರ್ನಿಯ ಕಾಡಿಗೆ ಹೋಗಿದ್ದೆವು. ಹೆಂಡತಿ ಶೈಲಜ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ತಿಂದು, ಉದ್ದ ಹುಲ್ಲಿನಲ್ಲಿ ಮೈಚಾಚಿ, ನಾನು ಜಿಂಕೆಗಳನ್ನು ನೋಡಿದೆ. ಜಿಂಕೆಯ ಮೇಲಿದ್ದ ಒಂದು ಉಣ್ಣೆ ನನ್ನನ್ನು ನೋಡಿತು. ವಾರ ಕಳೆಯುವಷ್ಟರಲ್ಲಿ ಮಂಡಿಯ ಹಿಂದೆ ಬಳೆಯಷ್ಟು ಅಗಲದ ಕೆಂಪು ಉಂಗುರ ಎದ್ದಿತು. ನಮ್ಮ ಬಡಾವಣೆಯ ಡಾಕ್ಟರಮ್ಮ ಫೋಟೋ ತರಿಸಿಕೊಂಡು, ಇದು ಲೈಮ್ ಎಂಬ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ಮೈಸೂರಿಗೆ ಫೋನ್ ಮಾಡಿ ‘ಉಣ್ಣೆ ಕಚ್ಚಿದೆ ಅಮ್ಮ’ ಎಂದೆ. ‘ಒಳಗೊಂದು ಹತ್ತಿ ಬನೀನು ಹಾಕ್ಕೊಳೋ, ಉಣ್ಣೆ ಸ್ವೆಟರ್ ನಿಂಗೆ ಚಿಕ್ಕಂದಿನಿಂದ್ಲೂ ಚುಚ್ಚತ್ತೆ’ ಎಂದಳು. ಇದು ಕುರಿಯ ಉಣ್ಣೆಯಲ್ಲ, ರಕ್ತ ಹೀರುವ ಉಣ್ಣೆ, ಅದರಿಂದ ಬರುವ ಕಾಯಿಲೆಗೆ ಲೈಮ್ ಅಂತಾರೆ ಎಂದು ಬಿಡಿಸಿ ಹೇಳಿದೆ. ‘ನಿಂಬೆಹಣ್ಣು ಶೀತ, ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ’ ಎಂದಳು.

ಮಾತ್ರೆ ಮುಗಿಯಿತು, ಉಂಗುರ ಮಾಯವಾಯಿತು, ಸುಸ್ತು ಮಾತ್ರ ಬಿಡಾರ ಹೂಡಿತು. ಮಂಡಿ ಒಂದು ದಿನ, ಭುಜ ಒಂದು ದಿನ, ಪಾಳಿ ಹಾಕಿಕೊಂಡವರಂತೆ ನೋಯುತ್ತಿದ್ದವು. ಊರಾಚೆಯ ಲಿಟಲ್ ಐಲ್ಯಾಂಡ್ ಬಡಾವಣೆಯಲ್ಲಿದ್ದ ನಮ್ಮ ಕಂಪನಿಯ ಆನ್‌ಲೈನ್ ಮೀಟಿಂಗಿನಲ್ಲಿ ಎರಡು ವರ್ಷದಿಂದ ನಾನೇ ಮಾಡುತ್ತಿದ್ದ ಪ್ರಾಜೆಕ್ಟಿನ ಹೆಸರು ಮರೆತು, ನೆಟ್‌ವರ್ಕ್ ಹೋದವನಂತೆ ಅಲ್ಲಾಡದೆ ಕೂತಿದ್ದೆ. ಕೆಲಸ ಹೋದರೆ ಈ ದೇಶದಲ್ಲಿರುವ ಪರ್ಮಿಟ್ಟೂ ಹೋಗುತ್ತದೆ. ನಿಜ ಹೇಳುತ್ತೇನೆ, ತುಂಬಾ ಹೆದರಿದ್ದೆ. ಇದು ದೀರ್ಘಕಾಲದ ಲೈಮ್ ಇರಬಹುದು ಎಂದು ಇಂಟರ್ನೆಟ್ಟಿನಲ್ಲಿ ಒಬ್ಬರು, ಅಂಥದೊಂದು ಕಾಯಿಲೆಯೇ ಇಲ್ಲ ಎಂದು ಇನ್ನೊಬ್ಬರು. ಕೀಲು ಸ್ವಲ್ಪ ನೋಯುತ್ತದೆ ಎಂದಷ್ಟೇ ಹೇಳಿದ್ದಕ್ಕೆ ಡಾಕ್ಟರಮ್ಮ ಕೀಲಿನ ತಜ್ಞರಿಗೆ ಬರೆದರು. ಅವರು ನರದ ತಜ್ಞರಿಗೆ, ಅವರು ಸೋಂಕಿನ ತಜ್ಞರಿಗೆ, ಅವರು ಮತ್ತೆ ಡಾಕ್ಟರಮ್ಮನಿಗೆ. ಎಲ್ಲವೂ ಫೋನಿನಲ್ಲೇ, ಒಬ್ಬರೂ ನನ್ನ ಮಂಡಿಯ ಮುಖ ನೋಡಲಿಲ್ಲ. ಮದುವೆಮನೆಯಲ್ಲಿ ಪಂಕ್ತಿಯಿಂದ ಪಂಕ್ತಿಗೆ ಎಬ್ಬಿಸಿ ಕಳಿಸಿದ ನೆಂಟನಂತಾಗಿದ್ದೆ. ಎಲ್ಲ ಕಾಗದಗಳನ್ನೂ ಒಟ್ಟಿಗೆ ಇಟ್ಟುಕೊಂಡು ‘ಇವನು ನನ್ನ ರೋಗಿ’ ಎನ್ನುವ ಒಬ್ಬರೇ ಒಬ್ಬ ಡಾಕ್ಟರು ಸಿಕ್ಕರೆ ಸಾಕಿತ್ತು.

ಕೊನೆಗೆ ಮೊರೆಹೋದದ್ದು ಡಾಕ್ಟರ್ ಬಸವರಾಜರನ್ನು. ದಾವಣಗೆರೆಯಲ್ಲಿ ಓದಿ ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮಕ್ಕಳ ಡಾಕ್ಟರಾಗಿದ್ದ ಅವರು ನಮಗೆ ಯುಗಾದಿ ಕೂಟದಲ್ಲಿ ಪರಿಚಯ. ನಮ್ಮ ಹಿತ್ತಲಿನಲ್ಲಿ ಎರಡು ಮೀಟರ್ ದೂರ ಕುರ್ಚಿ ಹಾಕಿಕೊಂಡು ಕೂತು, ತಜ್ಞರ ಪತ್ರಗಳನ್ನೆಲ್ಲ ಓದಿ, ಮಾಸ್ಕಿನೊಳಗೇ ನಗತೊಡಗಿದರು.

‘ರೀ, ನಿಮಗೇನೂ ಆಗೇ ಇಲ್ಲಲ್ರೀ! ನೋಡ್ರಿ ಇಲ್ಲಿ, ಪೇಷಂಟ್ ಸೇಸ್ ಹಿ ಈಸ್ ಗ್ರಾಂಡ್. ಇದ್ರಾಗೂ ಗ್ರಾಂಡ್ ಅಂತ ಐತಿ. ಇದ್ರಾಗೂ. ಇಷ್ಟು ಗ್ರಾಂಡ್ ಇರೋ ಮನುಷ್ಯನ್ನ ಯಾರು ಕರೆದು ನೋಡ್ತಾರ್ರೀ?’

ನಾನು ತಲೆ ತಗ್ಗಿಸಿದೆ. ಯಾವ ಡಾಕ್ಟರ ಫೋನ್ ಬಂದರೂ ಮೊದಲ ಮಾತು ‘ಹೌ ಆರ್ ಯು?’ ನನ್ನ ನಾಲಿಗೆ ತಡಮಾಡದೆ ‘ಗ್ರಾಂಡ್’ ಎನ್ನುತ್ತಿತ್ತು. ಆಮೇಲೆ ಸುಸ್ತಿನ ಮಾತೆತ್ತಲು ಸಂಕೋಚ. ಆಸ್ಪತ್ರೆಗಳಲ್ಲಿ ಜನ ಉಸಿರಿಗಾಗಿ ಒದ್ದಾಡುತ್ತಿರುವಾಗ ನನ್ನ ಮಂಡಿ ಪುರಾಣ ಬಿಚ್ಚುವುದು ಹೇಗೆ? ಬಾಗಿಲಲ್ಲಿ ನಿಂತಿದ್ದ ಶೈಲಜ ಸುಮ್ಮನಿರಲಿಲ್ಲ. ‘ನನ್ನ ಹತ್ರ ಬೆಳಗ್ಗೆಯಿಂದ ಸಂಜೆವರೆಗೂ ನರಳ್ತಾರೆ ಡಾಕ್ಟ್ರೇ. ಫೋನ್ ಬಂದ್ರೆ ಸಾಕು, ಹೆಣ್ಣು ನೋಡೋಕೆ ಬಂದ ಗಂಡಿನ ಥರ ನೆಟ್ಟಗೆ ಕೂತ್ಕೋತಾರೆ’ ಎಂದಳು.

ಬಸವರಾಜರು ಹೇಳಿದ್ದಿಷ್ಟು: ಹೊಸ ತಜ್ಞರನ್ನು ಹುಡುಕಬೇಡಿ, ಇರುವ ಡಾಕ್ಟರಮ್ಮನಿಗೇ ನಿಜ ಹೇಳಿ, ಎಲ್ಲವನ್ನೂ ಅವರೇ ನೋಡಿಕೊಳ್ಳುವಂತೆ ಕೇಳಿ. ಫೋನ್ ಬರುವ ದಿನ, ಇಲ್ಲಿನ ಶಾಲೆಯಲ್ಲೇ ಅಕ್ಷರ ಕಲಿತ ಒಂಬತ್ತು ವರ್ಷದ ಮಗಳು ‘ನೋ ಗ್ರಾಂಡ್’ ಎಂದು ದಪ್ಪ ಅಕ್ಷರದಲ್ಲಿ ಬರೆದು ನನ್ನ ಲ್ಯಾಪ್‌ಟಾಪಿಗೆ ಅಂಟಿಸಿದಳು. ಡಾಕ್ಟರಮ್ಮ ‘ಹೌ ಆರ್ ಯು ಕೀಪಿಂಗ್?’ ಎಂದರು. ನಾನು ಚೀಟಿ ನೋಡಿದೆ. ಗ್ರಾಂಡನ್ನು ಗಂಟಲಲ್ಲೇ ತಡೆದು, ‘ನಾಟ್ ಟೂ ಬ್ಯಾಡ್’ ಎಂದೆ.

‘ಆಹ್, ದಟ್ಸ್ ಗ್ರೇಟ್ ನ್ಯೂಸ್!’ ಎಂದರು ಡಾಕ್ಟರಮ್ಮ.

ಮಗಳು ಹಣೆ ಚಚ್ಚಿಕೊಂಡಳು. ‘ಅಪ್ಪಾ! ದಟ್ಸ್ ಈವನ್ ಬೆಟರ್ ದ್ಯಾನ್ ಗ್ರಾಂಡ್!’

ಐದು ವರ್ಷದಿಂದ ಇಂಗ್ಲಿಷಿನ ಫೋನ್ ಬಂದರೆ ‘ನೀವೇ ಮಾತಾಡಿ’ ಎಂದು ಓಡುತ್ತಿದ್ದ ಶೈಲಜ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ‘ಡಾಕ್ಟರ್, ಹಿ ಈಸ್ ನಾಟ್ ಗ್ರಾಂಡ್. ಹಿ ಈಸ್ ಲೈಯಿಂಗ್. ಹಿಸ್ ಮದರ್ ಟಾಟ್ ಹಿಮ್.’ ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದಳು. ಒಲೆಯ ಮೇಲೆ ಹಾಲಿಟ್ಟು ಮರೆತದ್ದು, ಬಾಟಲಿಯ ಮುಚ್ಚಳ ತೆಗೆಯಲಾಗದೆ ಮಗಳಿಗೆ ಕೊಟ್ಟದ್ದು, ಹೋದ ಭಾನುವಾರ ಮಹಡಿ ಹತ್ತುವಾಗ ಅರ್ಧ ಮೆಟ್ಟಿಲಲ್ಲಿ ಕೂತು ಅತ್ತದ್ದು. ಅದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದೆ. ಗ್ರಾಮರ್ ಅಲ್ಲಲ್ಲಿ ಬಿದ್ದರೂ ಅವಳ ಮಾತು ಎಲ್ಲೂ ನಿಲ್ಲಲಿಲ್ಲ. ಆ ಕಡೆ ಡಾಕ್ಟರಮ್ಮ ಎಲ್ಲವನ್ನೂ ಬರೆದುಕೊಂಡು, ಗುರುವಾರ ಇಬ್ಬರೂ ಬನ್ನಿ, ಕಾಗದಗಳನ್ನೆಲ್ಲ ತನ್ನಿ, ಇನ್ನು ಮುಂದೆ ಇದು ನನ್ನ ಜವಾಬ್ದಾರಿ ಎಂದರು.

ಸುಸ್ತು ಪೂರ್ತಿ ಹೋಗಿಲ್ಲ, ಆದರೆ ಈಗ ಅದಕ್ಕೊಂದು ವಿಳಾಸವಿದೆ. ಡಾಕ್ಟರಮ್ಮ ಮೂವರು ತಜ್ಞರಿಗೂ ಒಂದೇ ಪತ್ರ ಬರೆದು ನಮಗೂ ಒಂದು ಪ್ರತಿ ಕಳಿಸಿದರು. ಅದರ ಕೊನೆಯ ಸಾಲಿನ ಅರ್ಥ ಇಷ್ಟು: ‘ರೋಗಿ ಹೇಗಿದ್ದಾರೆಂದು ತಿಳಿಯಬೇಕಾದರೆ ದಯವಿಟ್ಟು ಅವರ ಹೆಂಡತಿಯನ್ನು ಕೇಳಿ.’ ಶೈಲಜ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಈಗ ಯಾರಾದರೂ ಹೇಗಿದ್ದೀರಿ ಎಂದರೆ, ನಾನೂ ಮೊದಲು ಅವಳ ಮುಖ ನೋಡುತ್ತೇನೆ.